ಗಾಲಿಯೊಳಗಿನ ಗಾಳಿ: ಅಮೆರಿಕದ ಪಿಕಪ್ ವಾಹನದ ಚಕ್ರಚರಿತ್ರೆ

ಮುಂದೆ ಕೂರುವವರಿಗೊಂದು ಮುಚ್ಚಿದ ಕ್ಯಾಬಿನ್, ಹಿಂದೆ ಸರಕಿಗೊಂದು ತೆರೆದ ತೊಟ್ಟಿ, ಎರಡನ್ನೂ ಹೊತ್ತ ನಾಲ್ಕು ಚಕ್ರಗಳು: ಪಿಕಪ್ ಎಂದು ಹೆಸರಾದ ಸಣ್ಣ ಸರಕು ವಾಹನದ ರೂಪ ಇಷ್ಟೇ ಸರಳವಾದರೂ ಅದರ ಓಟವನ್ನು ಮೆತ್ತಗಾಗಿಸುವ ಪ್ರಯತ್ನಕ್ಕೆ ಒಂದು ಶತಮಾನದ ಇತಿಹಾಸವಿದೆ. ಕಾರು ಹೊರುವ ಭಾರ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ದೊಡ್ಡ ಲಾರಿಯ ಮಾಲೀಕನು ಅದನ್ನು ಆದಷ್ಟೂ ತುಂಬಿಸಿಯೇ ಓಡಿಸಲು ನೋಡುತ್ತಾನೆ. ಪಿಕಪ್ ಮಾತ್ರ ಬೆಳಿಗ್ಗೆ ಅರ್ಧ ಟನ್ ಗೊಬ್ಬರ ಹೊತ್ತು ಹೋಗಿ ಸಂಜೆ ಬರಿದಾದ ತೊಟ್ಟಿಯೊಂದಿಗೆ ಮರಳುವ, ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಹೊರಡುವ ವಾಹನವಾದ್ದರಿಂದ, ಅದರ ಚಕ್ರಗಳು ಒಂದೇ ದಿನದಲ್ಲಿ ಎರಡು ಬೇರೆ ಬೇರೆ ತೂಕಗಳಿಗೆ ಹೊಂದಿಕೊಳ್ಳಬೇಕಾಗುತ್ತದೆ. ತುಂಬಿದಾಗ ಕುಸಿಯದಷ್ಟು ಗಟ್ಟಿಯಾಗಿ ಮಾಡಿದ ಚಕ್ರ ಮತ್ತು ಸ್ಪ್ರಿಂಗುಗಳು ಖಾಲಿ ಇದ್ದಾಗ ಕೂತವರನ್ನು ಎತ್ತಿಹಾಕುತ್ತವೆ; ಖಾಲಿ ಓಟಕ್ಕೆ ಹಿತವಾಗುವಂತೆ ಮೆದುವಾಗಿಸಿದರೆ ಭಾರ ಬಿದ್ದೊಡನೆ ನೆಲಕಚ್ಚುತ್ತವೆ.

ಗಾಲಿ ಮತ್ತು ಗಾಳಿ ಎಂಬ ಎರಡು ಮಾತುಗಳ ನಡುವೆ ಕನ್ನಡದಲ್ಲಿ ಒಂದೇ ಅಕ್ಷರದ ಅಂತರವಿದೆ. ಪಿಕಪ್ಪಿನ ಚಕ್ರದ ಚರಿತ್ರೆಯೂ ಮೂಲತಃ ಈ ಎರಡರ ನಡುವಿನ ಪಾಲುಪಟ್ಟಿಯ ಚರಿತ್ರೆಯೇ ಆಗಿದೆ: ಒಂದು ನಿರ್ದಿಷ್ಟ ಎತ್ತರದ ಚಕ್ರದಲ್ಲಿ ಮರ ಅಥವಾ ಲೋಹಕ್ಕೆ ಎಷ್ಟು ಪಾಲು, ಟೈರಿನೊಳಗಿನ ಗಾಳಿಗೆ ಎಷ್ಟು ಪಾಲು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ, 1920ರ ದಶಕದಿಂದ 1980ರ ದಶಕದವರೆಗೆ ಗಾಳಿಯ ಪಾಲು ಬೆಳೆಯುತ್ತ ಹೋದದ್ದೂ, ಆಮೇಲಿನ ಕಾಲದಲ್ಲಿ ಅದರ ಒಂದು ಭಾಗವನ್ನು ಲೋಹವು ಮರಳಿ ಪಡೆದದ್ದೂ ಕಾಣುತ್ತದೆ.

ಪಟ್ಟಿಯಿಂದ ಮೆತ್ತೆಗೆ

ಮರದ ಚಕ್ರದ ಸುತ್ತ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ, ಅದು ತಣಿದು ಬಿಗಿದುಕೊಳ್ಳುವಂತೆ ಮಾಡುವ ವಿದ್ಯೆ ಗಾಡಿ ಇದ್ದ ನಾಡುಗಳಲ್ಲೆಲ್ಲ ಇತ್ತು. ಇಂಗ್ಲಿಷಿನಲ್ಲಿ ಟೈರು ಎಂಬ ಹೆಸರು ಮೊದಲು ಸಂದದ್ದು ಇಂಥ ಲೋಹದ ಪಟ್ಟಿಗೇ ಹೊರತು ರಬ್ಬರಿಗಲ್ಲ. ಪಟ್ಟಿಯು ಚಕ್ರವನ್ನು ಸವೆತದಿಂದ ಕಾಯುತ್ತಿತ್ತೇ ವಿನಾ ಗಾಡಿಯಲ್ಲಿ ಕೂತವರನ್ನು ಕುಲುಕಾಟದಿಂದ ಕಾಯುತ್ತಿರಲಿಲ್ಲ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಬಿಸಿಮಾಡಿ, ಬೇಸಗೆಯಲ್ಲಿ ಅಂಟಾಗದ, ಚಳಿಯಲ್ಲಿ ಬಿರುಕು ಬಿಡದ ವಸ್ತುವನ್ನಾಗಿ ಮಾಡುವ ವಿಧಾನವನ್ನು ಕಂಡುಕೊಂಡ ಬಳಿಕವಷ್ಟೇ ಚಕ್ರಕ್ಕೆ ಮೆತ್ತೆ ಹೊದಿಸುವ ಆಲೋಚನೆ ಕಾರ್ಯಸಾಧ್ಯವಾಯಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದನು; ರಬ್ಬರು ಬಳಿದ ಬಟ್ಟೆಯ ಕೊಳವೆಯ ಮೇಲೆ ಚರ್ಮದ ಹೊದಿಕೆ ಹಾಕಿದ್ದ ಆ ರಚನೆ ಕುದುರೆಗಾಡಿಯಲ್ಲಿ ಚೆನ್ನಾಗಿಯೇ ಓಡಿದರೂ ದುಬಾರಿಯಾಗಿದ್ದರಿಂದ ಮರೆಯಾಯಿತು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆಂದು ಅದನ್ನೇ ಹೊಸದಾಗಿ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಪಡೆದಾಗ, ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಸೈಕಲ್ ಎಂಬ ದೊಡ್ಡ ಗಿರಾಕಿ ಸಿಕ್ಕಿದ್ದರಿಂದ ಗಾಳಿಯ ಟೈರು ಎರಡನೆಯ ಸಲ ಮರೆಯಾಗಲಿಲ್ಲ.

ಸೈಕಲ್ಲಿನಿಂದ ಮೋಟಾರು ವಾಹನಕ್ಕೆ ಟೈರನ್ನು ದಾಟಿಸಿದವರು ಫ್ರಾನ್ಸಿನ ಮಿಶೆಲಿನ್ ಸೋದರರು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಪಂದ್ಯದಲ್ಲಿ ಅವರು ಗಾಳಿಯ ಟೈರು ತೊಡಿಸಿದ ಕಾರನ್ನು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳಾದರೂ ಮೋಟಾರಿನ ತೂಕವನ್ನು ಗಾಳಿ ಹೊರಬಲ್ಲುದೆಂಬುದು ಅಲ್ಲಿ ಸಿದ್ಧವಾಯಿತು. ಮುಂದಿನ ಕಥೆಯ ಬಹುಭಾಗ ನಡೆದದ್ದು ಅಮೆರಿಕದ ಒಹಾಯೊ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ. ಗುಡ್‌ರಿಚ್, ಗುಡ್‌ಇಯರ್, ಫೈರ್‌ಸ್ಟೋನ್ ಎಂಬ ಮೂರು ಟೈರು ಸಂಸ್ಥೆಗಳು ಕ್ರಮವಾಗಿ 1870, 1898 ಮತ್ತು 1900ರಲ್ಲಿ ನೆಲೆಗೊಂಡದ್ದು ಅಲ್ಲಿಯೇ, ಹೀಗಾಗಿ ಆ ಊರು ಜಗತ್ತಿನ ರಬ್ಬರ್ ರಾಜಧಾನಿಯೆಂದು ಹೆಸರಾಯಿತು.

ಮರದ ಚಕ್ರದ ಪಿಕಪ್

ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರು 1908ರಲ್ಲಿ ಬಂದಾಗ ಅದರ ಚಕ್ರಗಳು ಹಿಕರಿ ಎಂಬ ಗಟ್ಟಿಮರದ ಅರಗಳಿಂದ, ಎಂದರೆ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳಿಂದ, ಕಟ್ಟಿದವಾಗಿದ್ದವು. ಫಿರಂಗಿ ಗಾಡಿಯ ಚಕ್ರವನ್ನು ಹೋಲುತ್ತಿದ್ದುದರಿಂದ ಅವಕ್ಕೆ ಫಿರಂಗಿ ಚಕ್ರಗಳೆಂದೇ ಹೆಸರಿತ್ತು. ಹಿಂಬದಿಯ ಟೈರಿನ ಅಳತೆ 30 × 3½ ಎಂದಿತ್ತು, ಅಂದರೆ ಹೊರವ್ಯಾಸ 30 ಅಂಗುಲ, ಟೈರಿನ ದಪ್ಪ ಮೂರೂವರೆ ಅಂಗುಲ; ಹೀಗಾಗಿ ಟೈರು ಕೂರುವ ರಿಮ್ಮಿನ ವ್ಯಾಸವೇ 23 ಅಂಗುಲವಾಗಿ, ರಿಮ್ಮಿಗೂ ನೆಲಕ್ಕೂ ನಡುವೆ ಗಾಳಿಗೆ ಉಳಿಯುತ್ತಿದ್ದ ಎತ್ತರ ಹೆಚ್ಚೆಂದರೆ 9 ಸೆಂಟಿಮೀಟರು. ಇಷ್ಟು ಸಪುರವಾದ ಟೈರು ಕಾರಿನ ತೂಕವನ್ನು ಹೊರಬೇಕಾದರೆ ಅದರೊಳಗೆ ಚದರ ಅಂಗುಲಕ್ಕೆ ಸುಮಾರು 60 ಪೌಂಡು ಒತ್ತಡದ ಗಾಳಿ ತುಂಬಬೇಕಿತ್ತು, ಅಷ್ಟು ಒತ್ತಡ ತುಂಬಿದ ಟೈರು ಕಲ್ಲಿನಂತೆ ಬಿಗಿಯಾಗುತ್ತಿತ್ತು.

ಚಕ್ರ ಎತ್ತರವಾಗಿದ್ದುದಕ್ಕೆ ಸಕಾರಣವಿತ್ತು. ಅಮೆರಿಕದ ಹಳ್ಳಿಯ ದಾರಿಗಳು ಆಗ ಮಣ್ಣಿನವು, ಮಳೆಗಾಲದಲ್ಲಿ ಬಂಡಿಗಳ ಜಾಡು ಆಳವಾಗಿ ಕೊರೆದಿರುತ್ತಿತ್ತು, ಅಂಥಲ್ಲಿ ದೊಡ್ಡ ಚಕ್ರ ಗುಂಡಿಯೊಳಕ್ಕೆ ಅಷ್ಟಾಗಿ ಇಳಿಯದೆ ಅದರ ಎರಡು ಅಂಚುಗಳ ಮೇಲೆ ಸೇತುವೆಯಂತೆ ಹಾಯ್ದುಹೋಗುತ್ತದೆ. ಹೊರವ್ಯಾಸ ಹಿರಿದಾಗಿರಬೇಕೆಂಬುದು ರಸ್ತೆಯ ಬೇಡಿಕೆಯಾಗಿತ್ತು, ಆದರೆ ಆ ಹಿರಿಮೆಯ ಬಹುಭಾಗವನ್ನು ಮರಕ್ಕೆ ಕೊಡಬೇಕಾಗಿ ಬಂದದ್ದು ಆ ಕಾಲದ ಟೈರಿನ ಬಟ್ಟೆಯ ದೌರ್ಬಲ್ಯದಿಂದ. ಟೈರಿನ ಒಳಪದರವು ಆಗ ಹಾಸುಹೊಕ್ಕಾಗಿ ನೇಯ್ದ ಹತ್ತಿಯ ಬಟ್ಟೆಯಾಗಿತ್ತು. ಟೈರು ಉರುಳುತ್ತ ಬಾಗಿದಂತೆಲ್ಲ ಹಾಸಿನ ನೂಲು ಹೊಕ್ಕಿನ ನೂಲನ್ನು ಗರಗಸದಂತೆ ಕೊಯ್ಯುತ್ತಿತ್ತು. ಹೆಚ್ಚು ಬಾಗಿದಷ್ಟೂ ಬೇಗ ಹರಿಯುವ ಇಂಥ ಟೈರು ಬಾಗದಂತೆ ನೋಡಿಕೊಳ್ಳಲು ಒತ್ತಡವೊಂದೇ ಉಪಾಯವಾಗಿತ್ತು.

ರೈತರು ಮತ್ತು ಸಣ್ಣ ವ್ಯಾಪಾರಿಗಳು ಮಾಡೆಲ್ ಟಿಯ ಹಿಂಭಾಗಕ್ಕೆ ಮರದ ಪೆಟ್ಟಿಗೆಯನ್ನು ತಾವೇ ಕೂರಿಸಿಕೊಳ್ಳುತ್ತಿದ್ದುದನ್ನು ಕಂಡ ಫೋರ್ಡ್ ಸಂಸ್ಥೆ 1925ರ ಏಪ್ರಿಲಿನಲ್ಲಿ, ಕಾರ್ಖಾನೆಯಲ್ಲಿಯೇ ಉಕ್ಕಿನ ತೊಟ್ಟಿ ಕೂರಿಸಿದ ವಾಹನವನ್ನು 281 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. ತೊಟ್ಟಿ 56 ಅಂಗುಲ ಉದ್ದ, 40 ಅಂಗುಲಕ್ಕಿಂತ ತುಸು ಹೆಚ್ಚು ಅಗಲವಾಗಿತ್ತು. ಹಿಂಬದಿಗೆ ಹೆಚ್ಚು ಗಟ್ಟಿಯಾದ ಪಟ್ಟಿ ಸ್ಪ್ರಿಂಗ್ ಇತ್ತು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಕಟ್ಟಿಗೆ ಪಟ್ಟಿ ಸ್ಪ್ರಿಂಗ್ ಎಂದು ಹೆಸರು. ಪಟ್ಟಿಗಳ ಸಂಖ್ಯೆ ಹೆಚ್ಚಿದಷ್ಟೂ ಅದು ಹೊರುವ ಭಾರವೂ ಹೆಚ್ಚು, ಖಾಲಿ ಇದ್ದಾಗಿನ ಕುಲುಕಾಟವೂ ಹೆಚ್ಚು. ಪಿಕಪ್ಪಿನ ಜೊತೆಜೊತೆಗೇ ಅದರ ಇಬ್ಬಗೆಯೂ ಹೀಗೆ ಕಾರ್ಖಾನೆಯಿಂದ ಹೊರಬಂದಿತು.

ಬಲೂನು ಮತ್ತು ಕುಗ್ಗಿದ ರಿಮ್ಮು

ನೇಯ್ಗೆಯ ಬಟ್ಟೆಯ ಬದಲಿಗೆ ಹೊಕ್ಕಿಲ್ಲದ, ಒಂದರ ಪಕ್ಕ ಒಂದು ಸಾಲಾಗಿ ಮಲಗಿಸಿದ ಹುರಿಗಳನ್ನು ರಬ್ಬರಿನಲ್ಲಿ ಅದ್ದಿ ಪದರಗಳಾಗಿ ಬಳಸುವ ಪದ್ಧತಿ 20ನೆಯ ಶತಮಾನದ ಎರಡನೆಯ ದಶಕದಲ್ಲಿ ಹರಡಿತು. ನೂಲು ನೂಲನ್ನು ಕೊಯ್ಯುವುದು ತಪ್ಪಿ, ಟೈರು ಹರಿಯದೆ ಬಾಗುವುದು ಮೊದಲ ಬಾರಿಗೆ ಸಾಧ್ಯವಾಯಿತು. ಅದೇ ಕಾಲದಲ್ಲಿ ರಬ್ಬರಿಗೆ ಇಂಗಾಲದ ಮಸಿಯನ್ನು ಬೆರೆಸುವ ಕ್ರಮವೂ ಬಂದು ಟೈರಿನ ಬಾಳಿಕೆ ಹೆಚ್ಚಿತು, ಟೈರು ಇಂದಿನ ಕಪ್ಪು ಬಣ್ಣಕ್ಕೆ ತಿರುಗಿತು. ಈ ಎರಡರ ಫಲವೇ ಫೈರ್‌ಸ್ಟೋನ್ ಸಂಸ್ಥೆ 1923ರಲ್ಲಿ ಮಾರುಕಟ್ಟೆಗೆ ತಂದ ಬಲೂನು ಟೈರು. ಹೆಸರೇ ಸೂಚಿಸುವಂತೆ ಅದು ತೆಳುಗೋಡೆಯ, ಉಬ್ಬಿದ ಮೈಯ ಟೈರು. ಅದರೊಳಗಿನ ಒತ್ತಡ ಹಿಂದಿನದರ ಅರ್ಧದಷ್ಟು, ಎಂದರೆ ಚದರ ಅಂಗುಲಕ್ಕೆ ಸುಮಾರು 30 ಪೌಂಡು.

ಒತ್ತಡ ಅರ್ಧಕ್ಕಿಳಿದರೆ ಅದೇ ತೂಕವನ್ನು ಹೊರಲು ಟೈರು ಸರಿಸುಮಾರು ಇಮ್ಮಡಿ ನೆಲವನ್ನು ತಬ್ಬಬೇಕಾಗುತ್ತದೆ; ಹಾಗೆ ತಬ್ಬಿದ ಟೈರು ಸಣ್ಣ ಕಲ್ಲನ್ನು ತನ್ನ ಮೈಯೊಳಗೆ ನುಂಗಿಕೊಳ್ಳುತ್ತದೆಯೇ ಹೊರತು ಅದರ ಮೇಲೆ ಹತ್ತಿ ಇಳಿಯುವುದಿಲ್ಲ. ಸ್ಪ್ರಿಂಗು ಎಷ್ಟೇ ಮೆದುವಾಗಿದ್ದರೂ ಮಾಡಲಾಗದ ಕೆಲಸವಿದು, ಏಕೆಂದರೆ ಚಕ್ರ, ಅಚ್ಚು, ಬ್ರೇಕು ಮೊದಲಾದವು ಸ್ಪ್ರಿಂಗಿನ ಕೆಳಗಿರುವುದರಿಂದ ಸ್ಪ್ರಿಂಗು ಅವುಗಳನ್ನು ಹೊರುವುದಿಲ್ಲ. ಸ್ಪ್ರಿಂಗ್ ಹೊರದ ಈ ಭಾರವು ರಸ್ತೆಯ ಪ್ರತಿಯೊಂದು ಏಟನ್ನೂ ನೇರವಾಗಿ ತಿನ್ನುತ್ತದೆ, ಅದಕ್ಕೂ ನೆಲಕ್ಕೂ ನಡುವೆ ಇರುವ ಒಂದೇ ಮೆತ್ತೆಯೆಂದರೆ ಟೈರಿನ ಗಾಳಿ.

ಬಲೂನು ಟೈರಿಗೆ ಎಡೆಮಾಡಿಕೊಡಲು ರಿಮ್ಮು ಕುಗ್ಗುತ್ತ ಬಂದ ಕ್ರಮವನ್ನು ಫೋರ್ಡ್ ವಾಹನಗಳ ಟೈರಿನ ಅಳತೆಗಳಲ್ಲಿ ವರ್ಷವರ್ಷಕ್ಕೂ ಓದಬಹುದು. 1925–26ರ ಮಾಡೆಲ್ ಟಿಯಲ್ಲಿ 4.40 ಅಂಗುಲದ ಟೈರು 21 ಅಂಗುಲದ ರಿಮ್ಮಿನ ಮೇಲೆ ಕೂತಿತು. 1930ರ ಮಾಡೆಲ್ ಎ ವಾಹನದಲ್ಲಿ ಟೈರು 4.75, ರಿಮ್ಮು 19, 1932ರಲ್ಲಿ 5.25 ಮತ್ತು 18, 1933ರಲ್ಲಿ 5.50 ಮತ್ತು 17; 1935ರಲ್ಲಿ 6.00 ಮತ್ತು 16. ಹತ್ತು ವರ್ಷಗಳಲ್ಲಿ ರಿಮ್ಮು 23ರಿಂದ 16 ಅಂಗುಲಕ್ಕೆ ಇಳಿದರೂ ಚಕ್ರದ ಹೊರವ್ಯಾಸ 30ರಿಂದ 28 ಅಂಗುಲದ ಆಸುಪಾಸಿಗೆ ಮಾತ್ರ ಇಳಿಯಿತು. ನಡುವಿನ ವ್ಯತ್ಯಾಸವೆಲ್ಲ ಗಾಳಿಯ ಲೆಕ್ಕಕ್ಕೆ ಸೇರಿ, 9 ಸೆಂಟಿಮೀಟರಿದ್ದ ಅದರ ಎತ್ತರ ಸುಮಾರು 15ಕ್ಕೆ ಏರಿತು. ಮರದ ಅರಗಳ ಜಾಗಕ್ಕೆ ಮೊದಲು ಉಕ್ಕಿನ ತಂತಿಯ ಅರಗಳೂ ಆಮೇಲೆ ಒತ್ತಿ ಮಾಡಿದ ಉಕ್ಕಿನ ತಟ್ಟೆಯೂ ಬಂದದ್ದು ಇದೇ ಅವಧಿಯಲ್ಲಿ. ಮುಂದಿನ ಹಲವು ದಶಕಗಳ ಕಾಲ ಅಮೆರಿಕದ ಪಿಕಪ್ಪುಗಳು 15 ಅಥವಾ 16 ಅಂಗುಲದ ಈ ಸಾದಾ ಉಕ್ಕಿನ ಚಕ್ರಗಳ ಮೇಲೆಯೇ ಓಡಿದವು.

ಮೆದುವಾದ ಟೈರು ತನ್ನದೇ ತೊಡಕನ್ನೂ ತಂದಿತು. ಎರಡು ಮುಂಚಕ್ರಗಳನ್ನು ಒಂದೇ ಗಟ್ಟಿ ಅಚ್ಚಿಗೆ ಜೋಡಿಸಿದ್ದ ವಾಹನಗಳಲ್ಲಿ, ಬಲೂನು ಟೈರು ಹಾಕಿದ ಮೇಲೆ ಚಕ್ರಗಳು ಕೆಲವು ವೇಗಗಳಲ್ಲಿ ಎಡಬಲಕ್ಕೆ ಅದುರತೊಡಗಿ ಸ್ಟೀರಿಂಗ್ ಹಿಡಿದ ಕೈಗಳನ್ನೇ ನಡುಗಿಸುತ್ತಿದ್ದವು. ಈ ನಡುಕವನ್ನು ಬೇರುಸಹಿತ ಕೀಳುವ ಹಾದಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ 1934ರ ಕಾರುಗಳಲ್ಲಿ ಎರಡು ಮುಂಚಕ್ರಗಳೂ ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆಯನ್ನು ತಂದಿತು. ಅದರ ಹಿಂದಿದ್ದ ಎಂಜಿನಿಯರ್ ಮಾರಿಸ್ ಓಲಿ ಓಟದ ಹಿತವನ್ನು ಪ್ರಯೋಗಗಳಿಂದ ಅಳೆಯಲು ಹೊರಟವರಲ್ಲಿ ಮೊದಲಿಗನು; ಹಿಂಬದಿಯ ಸ್ಪ್ರಿಂಗಿಗಿಂತ ಮುಂಬದಿಯದು ತುಸು ಮೆದುವಾಗಿದ್ದರೆ ವಾಹನವು ತಲೆದೂಗುವುದು ತಗ್ಗುತ್ತದೆಂದು ಅವನು ತೋರಿಸಿಕೊಟ್ಟನು. ಕಾರುಗಳು ಈ ತಿಳಿವಳಿಕೆಯ ಫಲವನ್ನು ಕೂಡಲೇ ಉಂಡರೂ ಪಿಕಪ್ಪಿಗೆ ಅದು ಎಟುಕಲು ಕಾಲು ಶತಮಾನ ಹಿಡಿಯಿತು. ಷೆವ್ರೊಲೆಟ್ ಪಿಕಪ್ಪುಗಳಲ್ಲಿ 1960ರವರೆಗೆ, ಫೋರ್ಡ್ ಪಿಕಪ್ಪುಗಳಲ್ಲಿ 1965ರವರೆಗೆ ಗಟ್ಟಿ ಮುಂದಚ್ಚು ಉಳಿದೇ ಇತ್ತು. ಅಷ್ಟೂ ಕಾಲ ಪಿಕಪ್ಪಿನ ಹಿತದ ಹೊರೆ ಟೈರಿನ ಮೇಲೆಯೇ ಇತ್ತು.

ಪದರಗಳ ಎಣಿಕೆ

ಖಾಲಿ ಪಿಕಪ್ ಏಕೆ ಎತ್ತಿಹಾಕುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಸ್ಪ್ರಿಂಗಿನ ಮೇಲಿನ ಭಾರವು ಎಷ್ಟು ಬಾರಿ ಏರಿಳಿಯುತ್ತದೆ ಎಂಬುದು ಸ್ಪ್ರಿಂಗಿನ ಬಿಗಿಯನ್ನು ಭಾರದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲವನ್ನು ಅವಲಂಬಿಸಿದೆ. ಹಿಂದಿನ ಅಚ್ಚಿನ ಮೇಲಿನ ಭಾರ ಅರ್ಧಕ್ಕಿಳಿದರೆ ಏರಿಳಿತದ ವೇಗ ನೂರಕ್ಕೆ 40ರಷ್ಟು ಹೆಚ್ಚುತ್ತದೆ. ಮನುಷ್ಯನ ಮೈ ನಡಿಗೆಯ ಲಯಕ್ಕೆ ಹತ್ತಿರವಾದ, ಸೆಕೆಂಡಿಗೆ ಒಂದೆರಡು ಬಾರಿಯ ತೂಗಾಟವನ್ನು ಸಹಿಸುತ್ತದೆ. ಸೆಕೆಂಡಿಗೆ 4ರಿಂದ 8 ಬಾರಿಯ ಕಂಪನವನ್ನು ಕೂತ ದೇಹ ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟು ತಾಳಿಕೊಳ್ಳುತ್ತದೆ. ಹೊರೆ ಇಳಿಸಿದ ಪಿಕಪ್ ತನ್ನಲ್ಲಿ ಕೂತವರನ್ನು ಸಹ್ಯವಾದ ತೂಗಾಟದಿಂದ ಅಸಹ್ಯವಾದ ಕುಕ್ಕಾಟದ ಕಡೆಗೆ ತಳ್ಳುತ್ತದೆ.

ಟೈರಿನ ಗೋಡೆಯೂ ಇದೇ ಇಕ್ಕಟ್ಟಿಗೆ ಸಿಕ್ಕಿತ್ತು. ಹತ್ತಿಯ ಹುರಿಗಳ ಕಾಲದಲ್ಲಿ ಟೈರಿನ ತಾಕತ್ತನ್ನು ಅದರೊಳಗಿನ ಪದರಗಳನ್ನು ಎಣಿಸಿ ಹೇಳುತ್ತಿದ್ದರು: ಕಾರಿಗೆ ನಾಲ್ಕು ಪದರ, ಪಿಕಪ್ಪಿಗೆ ಆರು, ಅದಕ್ಕೂ ಭಾರದ ವಾಹನಕ್ಕೆ ಎಂಟು ಅಥವಾ ಹತ್ತು. ಪದರ ಹೆಚ್ಚಿದಷ್ಟೂ ಪಕ್ಕೆ, ಎಂದರೆ ರಿಮ್ಮಿಗೂ ನೆಲ ಮುಟ್ಟುವ ಮೈಗೂ ನಡುವಿನ ಗೋಡೆ, ದಪ್ಪವಾಗಿ ಬಾಗಲು ಒಲ್ಲೆನೆನ್ನುತ್ತಿತ್ತು. ರೇಯಾನ್ 1930ರ ದಶಕದಲ್ಲಿಯೂ ನೈಲಾನ್ 1940ರ ದಶಕದಲ್ಲಿಯೂ ಹತ್ತಿಯ ಜಾಗಕ್ಕೆ ಬಂದಾಗ, ಕಡಿಮೆ ಪದರಗಳಿಂದಲೇ ಹಳೆಯ ಬಲ ಸಿಗುವಂತಾಯಿತು. ಗಿರಾಕಿಗಳು ಮಾತ್ರ ಹಳೆಯ ಎಣಿಕೆಗೇ ಒಗ್ಗಿಹೋಗಿದ್ದರಿಂದ, ಇಷ್ಟು ಹತ್ತಿಪದರಗಳಿಗೆ ಸಮಾನವಾದ ಬಲ ಎಂಬ ಅರ್ಥದಲ್ಲಿ ಪ್ಲೈ ರೇಟಿಂಗ್ ಎಂಬ ಗುರುತು ಹುಟ್ಟಿಕೊಂಡಿತು. ಮುಂದೆ ಅಮೆರಿಕದಲ್ಲಿ ಅದರ ಜಾಗಕ್ಕೆ ಅಕ್ಷರಗಳು ಬಂದವು: ಸಿ ಎಂದರೆ ಆರು ಪದರದ ಬಲ, ಡಿ ಎಂದರೆ ಎಂಟು, ಇ ಎಂದರೆ ಹತ್ತು. ಭಾರ ಹೊರುವ ಶಕ್ತಿಯು ಗಾಳಿಯ ಒತ್ತಡದೊಂದಿಗೆ ಹೆಚ್ಚುವುದರಿಂದ ಹಗುರ ಸರಕು ವಾಹನದ ಟೈರುಗಳಲ್ಲಿ ಈ ಮೂರು ದರ್ಜೆಗಳ ಗರಿಷ್ಠ ಒತ್ತಡಗಳು ಸಾಮಾನ್ಯವಾಗಿ 50, 65 ಮತ್ತು 80 ಪೌಂಡುಗಳಾಗಿ ನಿಂತವು.

ಯುದ್ಧಾನಂತರದ ಅಮೆರಿಕದಲ್ಲಿ ಪಿಕಪ್ ಹೊಲದಿಂದ ಹೊರವಲಯದ ಬಡಾವಣೆಗಳಿಗೆ ಬಂದಿತು. 1956ರ ಕಾನೂನಿನಡಿ ಕಟ್ಟತೊಡಗಿದ ಅಂತರರಾಜ್ಯ ಹೆದ್ದಾರಿಗಳ ನುಣುಪಾದ ಮೈಯ ಮೇಲೆ ಗಂಟೆಗಟ್ಟಲೆ ಓಡಿಸುವವರು ತೊಟ್ಟಿಯಲ್ಲಿ ಏನನ್ನೂ ತುಂಬದೆಯೇ ಹೆಚ್ಚು ದೂರ ಕ್ರಮಿಸುತ್ತಿದ್ದರು. ಹಿಂಬದಿಗೆ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗ್ ಕೂರಿಸಿದ 1960ರ ಷೆವ್ರೊಲೆಟ್ ಪಿಕಪ್ ಈ ಹೊಸ ಬಳಕೆಗೆ ಕೊಟ್ಟ ಉತ್ತರವಾಗಿತ್ತು. ಕಾರಿನ ಟೈರನ್ನೇ ಪಿಕಪ್ಪಿಗೆ ತೊಡಿಸುವುದು ಇನ್ನೊಂದು ಉತ್ತರವಾಯಿತು: ಪಕ್ಕೆ ತೆಳುವಾಗಿರುವುದರಿಂದ ಓಟ ಮೆತ್ತಗಾಗುತ್ತದೆ, ಆದರೆ ಸರಕು ವಾಹನದಲ್ಲಿ ಬಳಸುವಾಗ ಅಂಥ ಟೈರಿನ ಭಾರಶಕ್ತಿಯನ್ನು 1.1ರಿಂದ ಭಾಗಿಸಿ ಇಳಿಸಿಕೊಳ್ಳಬೇಕೆಂಬ ನಿಯಮ ಅಮೆರಿಕದಲ್ಲಿದೆ. ಹಿತವೆಂಬುದು ಹೊರೆಯ ಲೆಕ್ಕದಿಂದ ಮುರಿದುಕೊಂಡ ಮೊತ್ತ ಎಂಬ ಮಾತನ್ನು ಆ ಭಾಜಕವು ಅಂಕಿಯಲ್ಲಿಯೇ ಹೇಳುತ್ತದೆ.

ಚಕ್ರದ ಆಯ್ಕೆ ಹಿತದ ವಿಷಯವಷ್ಟೇ ಅಲ್ಲವೆಂದು ಕಲಿಸಿದ ಪ್ರಸಂಗವೂ ಈ ಅವಧಿಗೆ ಸೇರಿದೆ. ಟ್ಯೂಬ್ ಇಲ್ಲದ ಟೈರುಗಳು ಹರಡಿದ ಮೇಲೆ ಪಿಕಪ್ಪುಗಳಿಗೆಂದು ಹದಿನಾರೂವರೆ ಅಂಗುಲದ ಒಂದು ರಿಮ್ಮು ಬಳಕೆಗೆ ಬಂದಿತು. ಹದಿನಾರರ ಟೈರನ್ನು ಅದಕ್ಕೆ ತೊಡಿಸಲು ಕೈಗೆ ಸಾಧ್ಯವಿತ್ತು, ಆದರೆ ಟೈರಿನ ಅಂಚು ರಿಮ್ಮಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಕೂರಿಸುವ ಹಟದಿಂದ ಗಾಳಿ ಹೊಡೆಯುತ್ತ ಹೋದರೆ ಅಂಚಿನೊಳಗಿನ ಉಕ್ಕಿನ ತಂತಿ ಕಡಿದು ಟೈರು ಸಿಡಿಯುತ್ತಿತ್ತು. ಅರ್ಧ ಅಂಗುಲದ ಗೊಂದಲದಿಂದ ಕೆಲಸಗಾರರು ಗಾಯಗೊಂಡು ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದವು; ಹೊಸ ವಾಹನಗಳಲ್ಲಿ ಆ ಅಳತೆ ಕ್ರಮೇಣ ಮರೆಯಾಯಿತು.

ಎಳೆಗಳ ದಿಕ್ಕು

ಇಲ್ಲಿಯವರೆಗೆ ಹೇಳಿದ ಹುರಿಯ ಟೈರುಗಳಲ್ಲೆಲ್ಲ ಹುರಿಗಳು ಓರೆಯಾಗಿ, ಒಂದು ಪದರದವು ಎಡಕ್ಕೆ, ಮೇಲಿನ ಪದರದವು ಬಲಕ್ಕೆ ವಾಲಿ ಚಾಪೆಯಂತೆ ಕತ್ತರಿಸಿಕೊಂಡು ಹೋಗುತ್ತಿದ್ದವು. ಇಂಥ ಟೈರಿನಲ್ಲಿ ಪಕ್ಕೆ ಬಾಗಿದರೆ ನೆಲ ಮುಟ್ಟಿದ ಮೈಯೂ ಜೊತೆಗೇ ಸುಕ್ಕಾಗುತ್ತದೆ. ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರು ಈ ಎರಡು ಭಾಗಗಳ ಕೆಲಸವನ್ನು ಬೇರ್ಪಡಿಸಿತು: ಪಕ್ಕೆಯಲ್ಲಿ ಹುರಿಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅರಗಳಂತೆ ನೇರವಾಗಿ ಸಾಗುತ್ತವೆ, ನೆಲ ಮುಟ್ಟುವ ಮೈಯ ಕೆಳಗೆ ಉಕ್ಕಿನ ಎಳೆಗಳ ಪಟ್ಟಿಯೊಂದು ಸುತ್ತುವರಿಯುತ್ತದೆ. ಪಕ್ಕೆ ಸಡಿಲವಾಗಿ ಬಾಗುತ್ತದೆ, ಮೈ ಚಪ್ಪಟೆಯಾಗಿ ನೆಲಕ್ಕೆ ಅಂಟುತ್ತದೆ, ಬಿಸಿಯೂ ಸವೆತವೂ ತಗ್ಗುತ್ತವೆ.

ಹೀಗಿದ್ದರೂ ಅಮೆರಿಕ ಅದನ್ನು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿತು. ನಿಧಾನದ ಓಟದಲ್ಲಿ ಉಕ್ಕಿನ ಪಟ್ಟಿ ರಸ್ತೆಯ ಸಣ್ಣ ಏಟುಗಳನ್ನು ತುಸು ಒರಟಾಗಿಯೇ ಮೇಲಕ್ಕೆ ದಾಟಿಸುತ್ತದೆ, ಅಮೆರಿಕದ ವಾಹನಗಳ ಸ್ಪ್ರಿಂಗುಗಳನ್ನೆಲ್ಲ ಓರೆ ಎಳೆಯ ಟೈರಿನ ಮೆದುತನವನ್ನು ನಂಬಿ ಹೊಂದಿಸಲಾಗಿತ್ತು. ಟೈರಿಗೆ ತಕ್ಕ ಸ್ಪ್ರಿಂಗು, ಸ್ಪ್ರಿಂಗಿಗೆ ತಕ್ಕ ಟೈರು ಎಂಬ ಕೂಡುಬಾಳುವೆಯನ್ನು ಕಡೆಗಣಿಸಿ ಒಂದನ್ನು ಮಾತ್ರ ಬದಲಿಸಿದರೆ ಒಳ್ಳೆಯ ವಸ್ತುವೂ ಕೆಟ್ಟ ಹೆಸರು ಪಡೆಯುತ್ತದೆ. 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ರೇಡಿಯಲ್ ಟೈರಿನೊಡನೆಯೇ ಕಾರ್ಖಾನೆಯಿಂದ ಹೊರಟ ಮೊದಲ ಅಮೆರಿಕನ್ ಕಾರಾಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನ ಉಳಿಸುವ ಗುಣಕ್ಕಾಗಿ ರೇಡಿಯಲ್ ಟೈರು ಎಲ್ಲೆಡೆ ಹರಡಿತು. 1980ರ ದಶಕದ ಅರ್ಧ ಟನ್ ಪಿಕಪ್ಪಿನ ಸಾಮಾನ್ಯ ಟೈರಾಗಿದ್ದ 235/75 ಆರ್ 15 ಎಂಬ ಅಳತೆಯಲ್ಲಿ 235 ಮಿಲಿಮೀಟರು ಟೈರಿನ ಅಗಲ, 75 ಎಂದರೆ ಪಕ್ಕೆಯ ಎತ್ತರವು ಅಗಲದ ನೂರಕ್ಕೆ 75, ಆರ್ ಎಂದರೆ ರೇಡಿಯಲ್, 15 ರಿಮ್ಮಿನ ಅಂಗುಲ. ಅದರಂತೆ ಗಾಳಿಯ ಎತ್ತರ 17.6 ಸೆಂಟಿಮೀಟರು. ಚಕ್ರದ ಒಟ್ಟು ಎತ್ತರದಲ್ಲಿ ಗಾಳಿಯ ಪಾಲನ್ನು ನೋಡಿದರೆ, 1925ರ 9 ಸೆಂಟಿಮೀಟರಿನಿಂದ ಹೊರಟ ಏರುದಾರಿಯ ನೆತ್ತಿ ಇದೇ ಎನ್ನಬಹುದು.

ಒತ್ತಡದ ವಿವಾದ

ರಿಮ್ಮು, ಟೈರು ಎರಡೂ ಒಂದೇ ಆಗಿದ್ದಾಗಲೂ ಹಿತವನ್ನು ಹೆಚ್ಚಿಸುವ ಅತ್ಯಂತ ಅಗ್ಗದ ಉಪಾಯವೆಂದರೆ ಸ್ವಲ್ಪ ಗಾಳಿ ಇಳಿಸುವುದು. ಆ ಅಗ್ಗದ ಉಪಾಯ ಎಷ್ಟು ಬೆಲೆ ತೆರುವಂತೆ ಮಾಡಬಲ್ಲದೆಂಬುದು 2000ರಲ್ಲಿ ಅಮೆರಿಕದ ಸಾರ್ವಜನಿಕ ಚರ್ಚೆಗೆ ಬಂದಿತು. ರೇಂಜರ್ ಪಿಕಪ್ಪಿನ ತಳಹದಿಯಿಂದ ಬೆಳೆದ ಫೋರ್ಡ್ ಎಕ್ಸ್‌ಪ್ಲೋರರ್ ವಾಹನದ ಟೈರುಗಳು ಓಟದಲ್ಲಿಯೇ ಮೈ ಕಳಚಿಕೊಂಡು, ವಾಹನ ಮಗುಚಿ ಸಾವುನೋವುಗಳಾದ ಮೇಲೆ, ಫೈರ್‌ಸ್ಟೋನ್ ಸಂಸ್ಥೆ ಆ ವರ್ಷದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ವಾಹನ ತಯಾರಕರು 26 ಪೌಂಡು ಒತ್ತಡವನ್ನು ಸೂಚಿಸಿದ್ದರು, ಟೈರು ತಯಾರಕರು 30 ಇರಬೇಕಿತ್ತೆಂದು ವಾದಿಸಿದರು, ದೋಷ ಟೈರಿನದೋ ವಾಹನದ್ದೋ ಎಂದು ಎರಡು ಸಂಸ್ಥೆಗಳೂ ಪರಸ್ಪರ ಬೆರಳು ತೋರಿದವು. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಮಿತಿಮೀರಿ ಬಾಗುತ್ತದೆ, ಬಾಗಿದಷ್ಟೂ ಬಿಸಿಯೇರುತ್ತದೆ, ಆ ಬಿಸಿಯೇ ಪದರಗಳ ಬೆಸುಗೆಯ ಶತ್ರು. ಅದೇ ವರ್ಷ ಬಂದ ಕಾನೂನಿನ ಫಲವಾಗಿ, ಸೂಚಿತ ಒತ್ತಡಕ್ಕಿಂತ ನೂರಕ್ಕೆ 25ರಷ್ಟು ಗಾಳಿ ಇಳಿದರೆ ಚಾಲಕನಿಗೆ ಎಚ್ಚರಿಕೆ ಕೊಡುವ ಸಾಧನ 2008ರ ಮಾದರಿ ವರ್ಷದಿಂದ ಅಮೆರಿಕದ ಹೊಸ ಹಗುರ ವಾಹನಗಳಿಗೆಲ್ಲ ಕಡ್ಡಾಯವಾಯಿತು.

ಮತ್ತೆ ಬೆಳೆದ ರಿಮ್ಮು

ಇಷ್ಟರಲ್ಲಿ ಪಾಲುಪಟ್ಟಿ ತಿರುಗುಮುರುಗಾಗತೊಡಗಿತ್ತು. ಫೋರ್ಡ್ ಸಂಸ್ಥೆಯ 1999ರ ಲೈಟ್ನಿಂಗ್ ಪಿಕಪ್ಪಿನಲ್ಲಿ 18 ಅಂಗುಲದ, 2000ದ ಹಾರ್ಲೆ-ಡೇವಿಡ್ಸನ್ ಹೆಸರಿನ ಪಿಕಪ್ಪಿನಲ್ಲಿ 20 ಅಂಗುಲದ ಅಲ್ಯೂಮಿನಿಯಂ ರಿಮ್ಮುಗಳು ಬಂದವು. ಮುಂದೆ 22 ಅಂಗುಲದವೂ ಕಾರ್ಖಾನೆಯಿಂದಲೇ ದೊರೆಯುವಂತಾಯಿತು. ಬ್ರೇಕಿನ ತಟ್ಟೆಗಳು ಹಿರಿದಾಗಿ ಅವಕ್ಕೆ ಎಡೆ ಬೇಕಾದದ್ದು, ಗಿಡ್ಡ ಪಕ್ಕೆಯಿಂದ ತಿರುವಿನಲ್ಲಿ ಬಿಗಿಯಾದ ಹಿಡಿತ ಸಿಗುವುದು ಇವೆಲ್ಲ ಕಾರಣಗಳೇ ಆದರೂ, ಎತ್ತರಕ್ಕೆ ಬೆಳೆದ ಪಿಕಪ್ಪಿನ ಮೈಗೆ ಸಣ್ಣ ರಿಮ್ಮು ಶೋಭಿಸುವುದಿಲ್ಲ ಎಂಬ ಕಣ್ಣಿನ ತೀರ್ಪೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿತ್ತು.

ಇಂದಿನ ಅರ್ಧ ಟನ್ ಪಿಕಪ್ಪುಗಳ ನಾಲ್ಕು ಸಾಮಾನ್ಯ ಅಳತೆಗಳನ್ನು ಹೋಲಿಸಿದರೆ ಲೆಕ್ಕ ನಿಚ್ಚಳವಾಗುತ್ತದೆ. ನಾಲ್ಕರ ಹೊರವ್ಯಾಸವೂ 80–82 ಸೆಂಟಿಮೀಟರಿನ ಒಳಗೇ ಇದೆ. ಆದರೆ 265/70 ಆರ್ 17ರಲ್ಲಿ ಪಕ್ಕೆಯ ಎತ್ತರ 18.5 ಸೆಂಟಿಮೀಟರು, 275/65 ಆರ್ 18ರಲ್ಲಿ 17.9, 275/55 ಆರ್ 20ರಲ್ಲಿ 15.1, 285/45 ಆರ್ 22ರಲ್ಲಿ 12.8. ಹದಿನೇಳರಿಂದ ಇಪ್ಪತ್ತೆರಡಕ್ಕೆ ಏರಿದ ಮಾಲೀಕನು ತನ್ನ ಗಾಳಿಯ ಎತ್ತರದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಲೋಹಕ್ಕೆ ಬಿಟ್ಟುಕೊಟ್ಟಿರುತ್ತಾನೆ. ಅಲ್ಯೂಮಿನಿಯಂ ಹಗುರವೆಂಬ ನಂಬಿಕೆ ಸಮಾನ ಅಳತೆಗಳ ನಡುವೆ ಮಾತ್ರ ನಿಲ್ಲುತ್ತದೆ, ಏಕೆಂದರೆ ರಿಮ್ಮು ಹಿರಿದಾದಂತೆ ಲೋಹವೂ ಹೆಚ್ಚಿ, ಸ್ಪ್ರಿಂಗ್ ಹೊರದ ಭಾರದಲ್ಲಿ ಆಗಬೇಕಿದ್ದ ಉಳಿತಾಯ ಕರಗಿಹೋಗುತ್ತದೆ. ಇದರ ಮೇಲೆ, ಖಾಲಿ ತೊಟ್ಟಿಯಲ್ಲಿಯೇ ಓಡುವ ವಾಹನಕ್ಕೆ ಗಡುಸು ನೋಟದ ಆಸೆಯಿಂದ ಹತ್ತು ಪದರದ ಬಲದ ಟೈರು ತೊಡಿಸಿದರೆ, ತುಂಬಿದ ಹೊರೆಗೆಂದು ಕಟ್ಟಿದ ಗೋಡೆಯ ಮೇಲೆ ಹೊರೆಯೇ ಇಲ್ಲದೆ ಕೂತಂತಾಗುತ್ತದೆ.

ಕಳೆದುಕೊಂಡದ್ದು ಪೂರ್ತಿಯಾಗಿ ಅನುಭವಕ್ಕೆ ಬಾರದಿರುವುದಕ್ಕೆ ಡಾಂಬರು ಮತ್ತು ಕಾಂಕ್ರೀಟು ಕಾರಣ. 1925ರಲ್ಲಿ ಚಕ್ರವು ಒಂಟಿಯಾಗಿ ಮಾಡಬೇಕಿದ್ದ ಕೆಲಸದ ದೊಡ್ಡ ಪಾಲನ್ನು ರಸ್ತೆಯೂ, ಸ್ಪ್ರಿಂಗಿನ ಜಿಗಿತವನ್ನು ತಡೆಯುವ ಷಾಕ್ ಅಬ್ಸಾರ್ಬರೂ ಹಂಚಿಕೊಂಡದ್ದರಿಂದಲೇ ಗಾಳಿಯ ಎತ್ತರವನ್ನು ಅಲಂಕಾರಕ್ಕೆ ಖರ್ಚು ಮಾಡುವುದು ಸಾಧ್ಯವಾಯಿತು. ರಸ್ತೆ ಕೆಟ್ಟಲ್ಲಿ ಮಾತ್ರ ಹಳೆಯ ಲೆಕ್ಕ ಮರಳಿ ಬರುತ್ತದೆ, ಗಿಡ್ಡ ಪಕ್ಕೆಯ ಟೈರು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ.

ಪಕ್ಕೆಯ ಮೇಲಿನ ಬರಹ

ಅಮೆರಿಕದ ಈ ಕಥೆಯ ಗುರುತುಗಳು ಕರ್ನಾಟಕದ ರಸ್ತೆಗಳಲ್ಲಿಯೂ ಓಡಾಡುತ್ತಿವೆ. ಮರದ ಗಾಲಿಯ ಎತ್ತಿನಗಾಡಿಯ ಜಾಗಕ್ಕೆ ಬಂದ ರಬ್ಬರ್ ಚಕ್ರದ ಗಾಡಿಯನ್ನು ಹಳ್ಳಿಗರು ಟೈರ್ ಗಾಡಿಯೆಂದು ಕರೆದು, ಪಟ್ಟಿಯಿಂದ ಗಾಳಿಗೆ ನಡೆದ ದಾಟುವಿಕೆಯನ್ನು ಒಂದೇ ಮಾತಿನಲ್ಲಿ ದಾಖಲಿಸಿದ್ದಾರೆ. ಲಾರಿಯವರ ಮಾತಿನಲ್ಲಿ ಓರೆ ಎಳೆಯ ಟೈರಿಗೆ ನೈಲಾನ್ ಟೈರು ಎಂಬ ಹೆಸರೇ ಇಂದಿಗೂ ನಿಂತಿದೆ. ಮೈಸೂರಿನ ವಿಕ್ರಾಂತ್ ಟೈರು ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿದ ಬಳಿಕ ಭಾರಿ ವಾಹನಗಳ ರೇಡಿಯಲ್ ಟೈರುಗಳಿಗೆ ಹೆಸರಾಯಿತು. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ 12 ಅಂಗುಲದ ರಿಮ್ಮಿನ ಮೇಲೆ ನಿಂತಿದೆ. ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಜೋಡಣೆಗೊಳ್ಳುವ ಟೊಯೊಟಾ ಹೈಲಕ್ಸ್ ಪಿಕಪ್ಪಿಗೆ 18 ಅಂಗುಲದವರೆಗಿನ ರಿಮ್ಮು. ದುಡಿಮೆಗೆಂದೇ ಹುಟ್ಟಿದ ವಾಹನಕ್ಕೂ ಸವಾರಿಯ ಸೊಗಸನ್ನೂ ಎಣಿಸಿದ ವಾಹನಕ್ಕೂ ಇರುವ ಅಂತರ ಆ ಎರಡು ಅಂಕಿಗಳಲ್ಲಿಯೇ ಕಾಣುತ್ತದೆ. ತರಕಾರಿ ಹೊತ್ತು ಮಾರುಕಟ್ಟೆಗೆ ಬರುವ ಪಿಕಪ್ಪಿನ ಟೈರಿನ ಪಕ್ಕೆಯ ಮೇಲೆ 8 ಪಿಆರ್ ಎಂದು ಅಚ್ಚಾಗಿರುವುದನ್ನು ಇಂದಿಗೂ ಓದಬಹುದು. ಅದರೊಳಗೆ ಎಂಟು ಪದರಗಳಿರಲೇಬೇಕೆಂದಿಲ್ಲ, ಹತ್ತಿಯಂತೂ ಇಲ್ಲ, ಆದರೆ ಪದರಗಳನ್ನು ಕೈಯಿಂದ ಎಣಿಸುತ್ತಿದ್ದ ಕಾಲದ ನೆನಪು ಇದೆ.

ಚಕ್ರದ ಒಟ್ಟು ವ್ಯಾಸದಲ್ಲಿ ರಿಮ್ಮಿನ ಪಾಲನ್ನು ಮಾತ್ರ ತೆಗೆದುಕೊಂಡರೆ, 1925ರ ಮರದ ಚಕ್ರದಲ್ಲಿ ಅದು ನೂರಕ್ಕೆ 77, 1935ರ ಉಕ್ಕಿನ ತಟ್ಟೆಯಲ್ಲಿ 57, 1980ರ ದಶಕದ 15 ಅಂಗುಲದ ಚಕ್ರದಲ್ಲಿ 52, ಇಂದಿನ 22 ಅಂಗುಲದ ಚಕ್ರದಲ್ಲಿ ಮತ್ತೆ 69. ಪಿಕಪ್ಪಿನ ಓಟವನ್ನು ಮೆತ್ತಗಾಗಿಸಲು ಬಯಸಿ ಹೊಸ ಚಕ್ರ ಹಾಗೂ ಟೈರುಗಳನ್ನು ಆರಿಸುವವರು ಅರಿತೋ ಅರಿಯದೆಯೋ ಈ ಅಂಕಿಗಳ ಸಾಲಿನಲ್ಲಿ ಒಂದು ಜಾಗವನ್ನು ಆರಿಸಿಕೊಳ್ಳುತ್ತಾರೆ: ರಿಮ್ಮು ಚಿಕ್ಕದು, ಪಕ್ಕೆ ಎತ್ತರ, ಪದರದ ಬಲ ನಿಜವಾಗಿ ಹೊರುವ ಹೊರೆಗೆ ತಕ್ಕಷ್ಟು, ಒತ್ತಡ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿದ್ದಷ್ಟು ಎಂಬ ನಾಲ್ಕು ಮಾತುಗಳು ಅವರನ್ನು 52ರ ಕಡೆಗೆ ಒಯ್ದರೆ, ಅಂಗಡಿಯ ಗಾಜಿನ ಹಿಂದೆ ಹೊಳೆಯುವ ರಿಮ್ಮು ಅವರನ್ನು 77ರ ಕಡೆಗೆ, ಹಿಕರಿ ಮರದ ಕಾಲದ ಕಡೆಗೆ, ಕರೆಯುತ್ತಿರುತ್ತದೆ.